ಆಕ್ಸೆಸ್ ಡೇಟಾಬೇಸನ್ನು ನಾಲ್ಕಾರು ಜನ ಒಟ್ಟಿಗೆ ಬಳಸುವಾಗ: ರೆಕಾರ್ಡ್ ಲಾಕ್ ಮಾಡುವ ಸರಿಯಾದ ಕ್ರಮ

ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾಲ್ಕು ಕೌಂಟರ್‌ಗಳಿವೆ, ನಾಲ್ಕಕ್ಕೂ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಎಂದುಕೊಳ್ಳಿ. ಒಬ್ಬ ಸದಸ್ಯರ ಖಾತೆಯಲ್ಲಿ 10,000 ರೂಪಾಯಿ ಶಿಲ್ಕು ಇದೆ. ಮೂರನೇ ಕೌಂಟರ್‌ನವರು ಆ ಖಾತೆ ತೆರೆದು ತಿದ್ದಲು ಶುರು ಮಾಡಿದ್ದಾರೆ. ಅಷ್ಟರಲ್ಲಿ ಒಂದನೇ ಕೌಂಟರ್‌ನವರು ಅದೇ ಖಾತೆಗೆ 2,000 ಜಮಾ ಮಾಡಿ ಶಿಲ್ಕನ್ನು 12,000 ಎಂದು ಬರೆದು ಸೇವ್ ಮಾಡುತ್ತಾರೆ. ಮೂರನೇ ಕೌಂಟರ್‌ನ ಪರದೆಯಲ್ಲಿ ಇನ್ನೂ 10,000 ಎಂದೇ ಕಾಣುತ್ತಿದೆ. ಅವರು 500 ಕಳೆದು 9,500 ಎಂದು ಬರೆದು ಸೇವ್ ಒತ್ತುತ್ತಾರೆ. 'ರೈಟ್ ಕಾನ್‌ಫ್ಲಿಕ್ಟ್' ಎಂಬ ಚೌಕ ಮೇಲೆದ್ದು 'ಸೇವ್ ರೆಕಾರ್ಡ್', 'ಕಾಪಿ ಟು ಕ್ಲಿಪ್‌ಬೋರ್ಡ್', 'ಡ್ರಾಪ್ ಚೇಂಜಸ್' ಎಂಬ ಮೂರು ಬಟನ್ ತೋರಿಸುತ್ತದೆ. ಎದುರಿಗೆ ಸದಸ್ಯರು ಕಾಯುತ್ತ ನಿಂತಿರುವಾಗ ಯಾರಾದರೂ 'ಸೇವ್ ರೆಕಾರ್ಡ್' ಒತ್ತುವವರೇ. ಅಲ್ಲಿಗೆ ಖಾತೆಯಲ್ಲಿ 9,500 ಉಳಿಯಿತು. ಇರಬೇಕಾಗಿದ್ದದ್ದು 11,500. ಯಾರದೋ ಎರಡು ಸಾವಿರ ರೂಪಾಯಿ ಸದ್ದಿಲ್ಲದೆ ಮಾಯವಾಯಿತು, ಯಾವ ದಾಖಲೆಯಲ್ಲೂ ಅದರ ಸುಳಿವಿಲ್ಲ.

ಒಬ್ಬರು ತಿದ್ದುತ್ತಿರುವ ರೆಕಾರ್ಡನ್ನು, ಅಂದರೆ ಟೇಬಲ್‌ನ ಒಂದು ಸಾಲನ್ನು, ಉಳಿದವರು ತಿದ್ದದಂತೆ ಹಿಡಿದಿಡುವ ರೆಕಾರ್ಡ್ ಲಾಕ್ ಇರುವುದು ಇದನ್ನು ತಡೆಯಲಿಕ್ಕೆ. ಆದರೆ ಬಹಳ ಕಡೆ ಆಗುವುದೇ ಬೇರೆ: ಭಯಬಿದ್ದು ಎಲ್ಲದಕ್ಕೂ ಲಾಕ್ ಹಾಕಿ, ಕೊನೆಗೆ ಯಾರೂ ಕೆಲಸ ಮಾಡಲಾಗದ ಸ್ಥಿತಿ ತಂದುಕೊಳ್ಳುತ್ತಾರೆ. ಒಳ್ಳೆಯ ಲಾಕ್ ಎಂದರೆ ಕಡಿಮೆ ಜಾಗಕ್ಕೆ, ಕಡಿಮೆ ಹೊತ್ತು ಹಾಕುವ ಲಾಕ್. ಕೆಳಗಿನ ಸೂಚನೆಗಳೆಲ್ಲ ಈ ಒಂದು ಮಾತನ್ನು ಹಿಡಿದೇ ಬಂದವು. ಆಕ್ಸೆಸ್ 2007ರಿಂದ ಈಚಿನ ಎಸಿಸಿಡಿಬಿ ಫೈಲ್‌ಗಳನ್ನು ಗಮನದಲ್ಲಿಟ್ಟು ಬರೆದಿದ್ದೇವೆ. ಹಳೆಯ ಎಂಡಿಬಿ ಫೈಲ್‌ಗಳಿಗೂ ಬಹುಪಾಲು ಹೊಂದುತ್ತದೆ.

ಲಾಕ್ ಇರುವುದೆಲ್ಲಿ

ಆಕ್ಸೆಸ್‌ನಲ್ಲಿ ಸರ್ವರ್ ಕಡೆ ಕೂತು ಸರದಿ ನೋಡಿಕೊಳ್ಳುವ ಪ್ರೋಗ್ರಾಂ ಯಾವುದೂ ಇಲ್ಲ. ಸರ್ವರ್ ಬರೀ ಫೈಲ್ ಇಟ್ಟುಕೊಂಡಿರುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಓಡುವ ಡೇಟಾಬೇಸ್ ಎಂಜಿನ್ ನೆಟ್‌ವರ್ಕ್ ಮೂಲಕ ಆ ಫೈಲನ್ನು ತಾನೇ ಓದಿ ತಾನೇ ಬರೆಯುತ್ತದೆ. ಹಾಗಾಗಿ ಯಾರು ಎಲ್ಲಿ ಬರೆಯುತ್ತಿದ್ದಾರೆ ಎಂಬುದನ್ನು ಈ ಎಂಜಿನ್‌ಗಳು ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳಬೇಕು. ಅದಕ್ಕೇ ಡೇಟಾಬೇಸ್ ತೆರೆದ ಕೂಡಲೇ ಅದೇ ಫೋಲ್ಡರ್‌ನಲ್ಲಿ, ಅದೇ ಹೆಸರಿನಲ್ಲಿ, ಎಲ್‌ಎಸಿಸಿಡಿಬಿ ಎಂಬ ವಿಸ್ತರಣೆಯ ಇನ್ನೊಂದು ಪುಟ್ಟ ಫೈಲ್ ಹುಟ್ಟುತ್ತದೆ. ಎಂಡಿಬಿ ಫೈಲಿಗಾದರೆ ಅದು ಎಲ್‌ಡಿಬಿ.

ಈ ಲಾಕ್ ಫೈಲ್ ಒಂದು ಹಾಜರಿ ಪುಸ್ತಕದ ಹಾಗೆ. ಬಂದ ಒಬ್ಬೊಬ್ಬರಿಗೂ 64 ಬೈಟ್ ಜಾಗ: ಮೊದಲ 32ರಲ್ಲಿ ಕಂಪ್ಯೂಟರಿನ ಹೆಸರು, ಉಳಿದ 32ರಲ್ಲಿ ಬಳಕೆದಾರರ ಹೆಸರು. ಎಸಿಸಿಡಿಬಿಯಲ್ಲಿ ಹಳೆಯ ಬಳಕೆದಾರ ಮಟ್ಟದ ಭದ್ರತೆ ಇಲ್ಲದ್ದರಿಂದ ಎರಡನೆಯ ಭಾಗದಲ್ಲಿ ಎಲ್ಲರೂ 'ಅಡ್ಮಿನ್' ಎಂದೇ ಇರುತ್ತಾರೆ. ಉಪಯೋಗಕ್ಕೆ ಬರುವುದು ಕಂಪ್ಯೂಟರಿನ ಹೆಸರು ಮಾತ್ರ. ಆದ್ದರಿಂದ ಕಂಪ್ಯೂಟರ್‌ಗಳಿಗೆ 'ಕೌಂಟರ್1', 'ಮ್ಯಾನೇಜರ್' ಎಂಬಂಥ ಗುರುತು ಹಿಡಿಯುವ ಹೆಸರನ್ನೇ ಇಡಿ. ಒಮ್ಮೆಗೆ ಗರಿಷ್ಠ 255 ಜನ ಎಂಬುದು ಕಾಗದದ ಮೇಲಿನ ಮಿತಿ. ಬರೆಯುವವರು ಹೆಚ್ಚಿರುವ ಕಡೆ ಹತ್ತಿಪ್ಪತ್ತು ಜನರಿಗೇ ಇದು ಏದುಸಿರು ಬಿಡುತ್ತದೆ.

ಇಲ್ಲಿ ಒಂದು ಎಚ್ಚರ. ಹೊರಗೆ ಹೋದವರ ಹೆಸರನ್ನು ಎಂಜಿನ್ ಆ ಕ್ಷಣವೇ ಅಳಿಸುವುದಿಲ್ಲ. ಮುಂದೆ ಬಂದವರಿಗೆ ಆ ಜಾಗ ಕೊಡುತ್ತದೆ. ಹಾಗಾಗಿ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ 'ಕೌಂಟರ್2 ಇನ್ನೂ ಒಳಗಿದೆ' ಎಂದು ತೀರ್ಮಾನಿಸಬೇಡಿ. ಕೊನೆಯವರು ಮುಚ್ಚಿದಾಗ ಇಡೀ ಫೈಲೇ ಅಳಿಯುತ್ತದೆ. ಅಳಿಸಬೇಕಾದರೆ ಆ ಫೋಲ್ಡರ್‌ನಲ್ಲಿ ಅಳಿಸುವ ಅನುಮತಿಯೂ ಇರಬೇಕು. ಎಷ್ಟೋ ಕಚೇರಿಗಳಲ್ಲಿ ಓದುವ, ಬರೆಯುವ ಅನುಮತಿ ಮಾತ್ರ ಕೊಟ್ಟು ಬಿಟ್ಟಿರುತ್ತಾರೆ. ಲಾಕ್ ಫೈಲನ್ನು ಹುಟ್ಟಿಸಲು ಆಗದವರು ಮೊದಲು ತೆರೆದರೆ ಹಂಚಿಕೆಯೇ ಕೆಡುತ್ತದೆ: ಒಬ್ಬರಿಗೆ ತೆರೆಯುತ್ತದೆ, ಉಳಿದವರಿಗೆ 'ಫೈಲ್ ಆಗಲೇ ಬಳಕೆಯಲ್ಲಿದೆ' ಎಂಬ ಉತ್ತರ, ಇಲ್ಲವೇ ಓದಲು ಮಾತ್ರ ಸಿಗುತ್ತದೆ. ಬಳಸುವವರೆಲ್ಲರಿಗೂ ಆ ಫೋಲ್ಡರ್‌ನ ಮೇಲೆ 'ಮಾಡಿಫೈ' ಅನುಮತಿ ಕೊಡಿ. ಹಂಚಿಕೆಯ ಅನುಮತಿ, ಫೋಲ್ಡರ್‌ನ ಭದ್ರತೆಯ ಅನುಮತಿ ಎರಡೂ ಕಡೆ ನೋಡಿ.

ಮೊದಲು ಫೈಲನ್ನು ಎರಡು ಮಾಡಿ

ಟೇಬಲ್, ಫಾರ್ಮ್, ರಿಪೋರ್ಟ್ ಎಲ್ಲ ಇರುವ ಒಂದೇ ಫೈಲನ್ನು ಸರ್ವರ್‌ನಲ್ಲಿಟ್ಟು ಎಲ್ಲರೂ ಅದನ್ನೇ ತೆರೆಯುತ್ತಿದ್ದರೆ ಲಾಕ್ ಸೆಟ್ಟಿಂಗ್ ಮುಟ್ಟಿ ಫಲವಿಲ್ಲ. ಮೊದಲು ವಿಭಜಿಸಿ.

1. ಎಲ್ಲರೂ ಹೊರಬರಲಿ. ಫೈಲಿನ ಒಂದು ಪ್ರತಿ ತೆಗೆದು ಬೇರೆ ಡ್ರೈವ್‌ನಲ್ಲಿಡಿ.
2. ಫೈಲ್ ತೆರೆದು 'ಡೇಟಾಬೇಸ್ ಟೂಲ್ಸ್' ಟ್ಯಾಬ್, ಅದರಲ್ಲಿ 'ಮೂವ್ ಡೇಟಾ' ಗುಂಪಿನ 'ಆಕ್ಸೆಸ್ ಡೇಟಾಬೇಸ್' ಒತ್ತಿ. ವಿಝಾರ್ಡ್‌ನಲ್ಲಿ 'ಸ್ಪ್ಲಿಟ್ ಡೇಟಾಬೇಸ್' ಆರಿಸಿ.
3. ಬ್ಯಾಕ್-ಎಂಡ್, ಅಂದರೆ ಟೇಬಲ್‌ಗಳು ಮಾತ್ರ ಇರುವ ಫೈಲ್, ಎಲ್ಲಿರಬೇಕು ಎಂದು ಕೇಳಿದಾಗ ಸರ್ವರ್‌ನ ಪೂರ್ಣ ವಿಳಾಸ ಕೊಡಿ: ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಹಂಚಿಕೆಯ ಹೆಸರು. ಝಡ್ ಡ್ರೈವ್, ವೈ ಡ್ರೈವ್ ಎಂದು ಕೊಟ್ಟರೆ ಒಂದು ಕಂಪ್ಯೂಟರಿನಲ್ಲಿ ಆ ಅಕ್ಷರ ಬೇರೆ ಆದಾಗ ಕೊಂಡಿ ಕಳಚುತ್ತದೆ.
4. ಫಾರ್ಮ್, ರಿಪೋರ್ಟ್‌ಗಳು ಉಳಿದಿರುವ ಫ್ರಂಟ್-ಎಂಡ್ ಫೈಲನ್ನು ಪ್ರತಿ ಕಂಪ್ಯೂಟರಿನ ಸ್ವಂತ ಡಿಸ್ಕ್‌ಗೆ ನಕಲು ಮಾಡಿ. ಸರ್ವರ್‌ನಲ್ಲಿರುವ ಒಂದೇ ಫ್ರಂಟ್-ಎಂಡಿಗೆ ಎಲ್ಲರೂ ಶಾರ್ಟ್‌ಕಟ್ ಮಾಡಿಕೊಳ್ಳುವುದು ವಿಭಜನೆಯೇ ಅಲ್ಲ.

ಬ್ಯಾಕ್-ಎಂಡ್ ಇರುವ ಹಂಚಿಕೆಯಲ್ಲಿ ಆಫ್‌ಲೈನ್ ಕ್ಯಾಶಿಂಗ್ (ಫೈಲಿನ ನಕಲನ್ನು ಬಳಕೆದಾರರ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಸೌಲಭ್ಯ) ನಿಲ್ಲಿಸಿ. ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ನಂಥ ಸಿಂಕ್ ಫೋಲ್ಡರ್‌ನಲ್ಲಿ ಬ್ಯಾಕ್-ಎಂಡ್ ಇಡಲೇಬಾರದು. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಒಂದು ನಕಲು ಇರುತ್ತದೆ. ಒಬ್ಬರ ಲಾಕ್ ಇನ್ನೊಬ್ಬರಿಗೆ ಕಾಣುವುದೇ ಇಲ್ಲ, ಕೊನೆಗೆ ಯಾರ ನಕಲು ಗೆದ್ದಿತೋ ಅದರ ದಾಖಲೆ ಮಾತ್ರ ಉಳಿಯುತ್ತದೆ. ವೈ-ಫೈ ಕೂಡ ಬೇಡ. ಬರೆಯುವ ನಡುವೆ ಸಂಪರ್ಕ ಒಂದು ಕ್ಷಣ ಕಡಿದರೂ ಬರಹ ಅರ್ಧಕ್ಕೇ ನಿಂತು ಫೈಲ್ ಹಾಳಾಗಬಹುದು. ನಾಲ್ಕು ಕೌಂಟರ್‌ಗೆ ಕೇಬಲ್ ಎಳೆಸುವ ಖರ್ಚು ಒಂದು ದಿನದ ದಾಖಲೆ ಮತ್ತೆ ಕೂರಿಸುವ ಕಷ್ಟಕ್ಕಿಂತ ಕಡಿಮೆ.

ಇನ್ನೊಂದು ಸಣ್ಣ ಕೆಲಸ, ದೊಡ್ಡ ಲಾಭ: ಫ್ರಂಟ್-ಎಂಡ್ ತೆರೆದ ಕೂಡಲೇ ಬ್ಯಾಕ್-ಎಂಡಿನ ಯಾವುದಾದರೂ ಪುಟ್ಟ ಟೇಬಲ್‌ಗೆ ಜೋಡಿಸಿದ ಒಂದು ಫಾರ್ಮ್ ಅಡಗಿದ ಸ್ಥಿತಿಯಲ್ಲಿ ತೆರೆದು, ಮುಚ್ಚುವವರೆಗೂ ಹಾಗೇ ಇರುವಂತೆ ಮಾಡಿ. ಇಲ್ಲದಿದ್ದರೆ ಒಂದೊಂದು ಫಾರ್ಮ್ ತೆರೆದು ಮುಚ್ಚಿದಾಗಲೂ ಲಾಕ್ ಫೈಲ್ ಹುಟ್ಟುತ್ತ ಅಳಿಯುತ್ತ ಇರುತ್ತದೆ. ಎರಡನೆಯವರು ಬಂದ ಕೂಡಲೇ ಎಲ್ಲ ನಿಧಾನ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಮೂರು ಬಗೆಯ ಲಾಕ್

ಫಾರ್ಮನ್ನು ಡಿಸೈನ್ ವ್ಯೂನಲ್ಲಿ ತೆರೆದು ಪ್ರಾಪರ್ಟಿ ಶೀಟ್‌ನ 'ಡೇಟಾ' ಟ್ಯಾಬ್‌ನಲ್ಲಿ 'ರೆಕಾರ್ಡ್ ಲಾಕ್ಸ್' ನೋಡಿ. ಅಲ್ಲಿ ಮೂರು ಆಯ್ಕೆಗಳಿವೆ.

'ನೋ ಲಾಕ್ಸ್' ಎಂದರೆ ತಿದ್ದುವಾಗ ಯಾರನ್ನೂ ತಡೆಯುವುದಿಲ್ಲ. ಸೇವ್ ಮಾಡುವ ಕ್ಷಣದಲ್ಲಿ ಮಾತ್ರ ಲಾಕ್ ಬೀಳುತ್ತದೆ. ನಡುವೆ ಬೇರೆಯವರು ತಿದ್ದಿದ್ದರೆ ಮೇಲೆ ಹೇಳಿದ ರೈಟ್ ಕಾನ್‌ಫ್ಲಿಕ್ಟ್ ಚೌಕ ಬರುತ್ತದೆ. 'ಎಡಿಟೆಡ್ ರೆಕಾರ್ಡ್' ಎಂದರೆ ಮೊದಲ ಅಕ್ಷರ ಒತ್ತಿದ ಕೂಡಲೇ ಲಾಕ್. ಸೇವ್ ಆಗುವವರೆಗೆ ಅಥವಾ ರದ್ದಾಗುವವರೆಗೆ ಉಳಿದವರು ಆ ರೆಕಾರ್ಡನ್ನು ಓದಬಹುದು, ತಿದ್ದುವಂತಿಲ್ಲ. ತಿದ್ದುತ್ತಿರುವವರ ರೆಕಾರ್ಡಿನ ಎಡಕ್ಕೆ ಪೆನ್ಸಿಲ್ ಕಾಣುತ್ತದೆ, ಉಳಿದವರಿಗೆ ಅಡ್ಡಗೆರೆ ಎಳೆದ ವೃತ್ತ. ಫಾರ್ಮಿನಲ್ಲಿ 'ರೆಕಾರ್ಡ್ ಸೆಲೆಕ್ಟರ್ಸ್' ನಿಲ್ಲಿಸಿದ್ದರೆ ಈ ಗುರುತೇ ಕಾಣುವುದಿಲ್ಲ; ಕೀಲಿ ಒತ್ತಿದರೂ ಅಕ್ಷರ ಮೂಡುತ್ತಿಲ್ಲ ಎಂದು ಕೌಂಟರ್‌ನವರು ಕೀಬೋರ್ಡನ್ನು ಬೈಯುತ್ತಾರೆ. ಹಾಗಾಗಿ ಈ ಬಗೆಯ ಫಾರ್ಮ್‌ಗಳಲ್ಲಿ ಸೆಲೆಕ್ಟರ್ ಇರಲಿ. ಮೂರನೆಯದು 'ಆಲ್ ರೆಕಾರ್ಡ್ಸ್': ಫಾರ್ಮ್ ತೆರೆದಿರುವಷ್ಟು ಹೊತ್ತೂ ಅದರ ಟೇಬಲ್‌ಗಳ ಎಲ್ಲ ರೆಕಾರ್ಡ್ ಲಾಕ್. ದಿನದ ವ್ಯವಹಾರದಲ್ಲಿ ಇದಕ್ಕೆ ಜಾಗವಿಲ್ಲ. ವರ್ಷಾಂತ್ಯದ ಬಡ್ಡಿ ಹಚ್ಚುವಂಥ, ಎಲ್ಲರನ್ನೂ ಹೊರಗಿಟ್ಟು ಮಾಡುವ ಕೆಲಸಕ್ಕೆ ಮಾತ್ರ.

ನಮ್ಮ ಸಲಹೆ ಇದು. ವಿಳಾಸ, ನಾಮನಿರ್ದೇಶನ, ದೂರವಾಣಿ ತಿದ್ದುವ ಫಾರ್ಮ್‌ಗಳಿಗೆ 'ನೋ ಲಾಕ್ಸ್' ಸಾಕು. ಒಂದೇ ಸದಸ್ಯರ ವಿಳಾಸವನ್ನು ಇಬ್ಬರು ಒಂದೇ ನಿಮಿಷದಲ್ಲಿ ತಿದ್ದುವುದು ಅಪರೂಪ. ಸಾಲದ ಮಂಜೂರಾತಿ, ಠೇವಣಿಯ ಅವಧಿ, ಖಾತೆಯ ಸ್ಥಿತಿ ಮುಂತಾದ, ಒಬ್ಬರ ತಿದ್ದುವಿಕೆ ಇನ್ನೊಬ್ಬರದರ ಮೇಲೆ ಬೀಳಬಾರದ ಕಡೆ 'ಎಡಿಟೆಡ್ ರೆಕಾರ್ಡ್'. ಬರೀ ನೋಡಲಿಕ್ಕಿರುವ ಫಾರ್ಮ್‌ಗೆ 'ರೆಕಾರ್ಡ್‌ಸೆಟ್ ಟೈಪ್' ಅನ್ನು 'ಸ್ನ್ಯಾಪ್‌ಶಾಟ್' ಮಾಡಿಬಿಡಿ. ತಿದ್ದಲು ಬರದ ಕಡೆ ಲಾಕಿನ ಗೊಡವೆಯೇ ಇಲ್ಲ. ರಿಪೋರ್ಟ್‌ಗಳಲ್ಲೂ 'ರೆಕಾರ್ಡ್ ಲಾಕ್ಸ್' ಇದೆ. ಅದು 'ನೋ ಲಾಕ್ಸ್' ಇದೆಯೇ ಎಂದು ಒಂದೊಂದಾಗಿ ನೋಡಿ. ಯಾವುದೋ ರಿಪೋರ್ಟ್ 'ಆಲ್ ರೆಕಾರ್ಡ್ಸ್' ಆಗಿದ್ದು, ಮ್ಯಾನೇಜರ್ ಅದನ್ನು ಮುದ್ರಿಸುವ ಹೊತ್ತಿಗೇ ಕೌಂಟರ್‌ಗಳು ನಿಲ್ಲುತ್ತಿದ್ದರೆ ಕಾರಣ ಹುಡುಕುವುದು ಬಹಳ ಕಷ್ಟ.

ಶಿಲ್ಕಿನ ವಿಷಯಕ್ಕೆ ಲಾಕ್ ಪರಿಹಾರವೇ ಅಲ್ಲ. ಶಿಲ್ಕನ್ನು ಒಂದು ಅಂಕಣದಲ್ಲಿ ಬರೆದಿಟ್ಟು ತಿದ್ದುವ ವಿನ್ಯಾಸವೇ ತಪ್ಪು. ಜಮಾ, ಖರ್ಚುಗಳನ್ನು ಒಂದೊಂದು ಹೊಸ ಸಾಲಾಗಿ ಸೇರಿಸಿ, ಶಿಲ್ಕನ್ನು ಕೂಡಿ ತೋರಿಸಿ. ಹೊಸ ಸಾಲು ಸೇರಿಸುವ ಇಬ್ಬರು ಒಬ್ಬರ ಬರಹವನ್ನು ಒಬ್ಬರು ಅಳಿಸಲಾರರು. ವೇಗಕ್ಕಾಗಿ ಶಿಲ್ಕನ್ನು ಇಡಲೇಬೇಕಾದರೆ ಫಾರ್ಮ್‌ನಿಂದ ಬರೆಯಬೇಡಿ. 'ಈಗಿರುವ ಶಿಲ್ಕು ಕಳೆ 500' ಎಂದು ಅಪ್‌ಡೇಟ್ ಕ್ವೆರಿಯಿಂದಲೇ (ಟೇಬಲ್‌ನಲ್ಲಿರುವ ಬೆಲೆಯನ್ನು ನೇರವಾಗಿ ಬದಲಿಸುವ ಆದೇಶ) ಮಾಡಿಸಿ. ಆಗ ಓದುವುದು ಬರೆಯುವುದು ಎರಡೂ ಒಂದೇ ಲಾಕಿನೊಳಗೆ ಮುಗಿಯುತ್ತವೆ, ಮೊದಲಿನ ಉದಾಹರಣೆಯಲ್ಲಿ 11,500 ಸರಿಯಾಗಿ ಬರುತ್ತದೆ.

ಪುಟವೋ ರೆಕಾರ್ಡೋ

ಆಕ್ಸೆಸ್ ದತ್ತಾಂಶವನ್ನು 4,096 ಬೈಟ್‌ನ ಪುಟಗಳಲ್ಲಿ ಇಡುತ್ತದೆ. ಒಂದು ರೆಕಾರ್ಡ್ 200 ಬೈಟ್ ಇದ್ದರೆ ಒಂದು ಪುಟದಲ್ಲಿ ಇಪ್ಪತ್ತರ ಆಸುಪಾಸು ರೆಕಾರ್ಡ್ ಕೂರುತ್ತವೆ. ಪುಟ ಮಟ್ಟದ ಲಾಕ್ ಇದ್ದರೆ ಒಬ್ಬರು ಒಂದು ಖಾತೆ ತಿದ್ದುವಾಗ ಅಕ್ಕಪಕ್ಕದ ಆ ಇಪ್ಪತ್ತೂ ಸಿಗುವುದಿಲ್ಲ. 'ನಾನು ಆ ಖಾತೆ ಮುಟ್ಟಿಯೇ ಇಲ್ಲ, ಆದರೂ ಲಾಕ್ ಎನ್ನುತ್ತಿದೆ' ಎಂಬ ದೂರು ಹುಟ್ಟುವುದು ಇಲ್ಲಿಂದ. ಆಕ್ಸೆಸ್ 2000ರ ಜೊತೆ ಬಂದ ಜೆಟ್ 4.0 ಎಂಜಿನ್‌ನಿಂದ ರೆಕಾರ್ಡ್ ಮಟ್ಟದ ಲಾಕ್ ಸಾಧ್ಯವಾಗಿದೆ.

'ಫೈಲ್', 'ಆಪ್ಷನ್ಸ್', 'ಕ್ಲೈಂಟ್ ಸೆಟ್ಟಿಂಗ್ಸ್' ಎಂದು ಹೋಗಿ ಕೆಳಗೆ 'ಅಡ್ವಾನ್ಸ್ಡ್' ಭಾಗಕ್ಕೆ ಬನ್ನಿ. 'ಡೀಫಾಲ್ಟ್ ಓಪನ್ ಮೋಡ್' ಎಂಬಲ್ಲಿ 'ಶೇರ್ಡ್' ಇರಲಿ, 'ಓಪನ್ ಡೇಟಾಬೇಸಸ್ ಬೈ ಯೂಸಿಂಗ್ ರೆಕಾರ್ಡ್-ಲೆವೆಲ್ ಲಾಕಿಂಗ್' ಎಂಬುದಕ್ಕೆ ಗುರುತು ಹಾಕಿ. ಈ ಸೆಟ್ಟಿಂಗ್ ಕುಳಿತಿರುವುದು ಆ ಕಂಪ್ಯೂಟರಿನಲ್ಲಿ, ಡೇಟಾಬೇಸಿನಲ್ಲಿ ಅಲ್ಲ. ಮೇಲಾಗಿ ಬೆಳಿಗ್ಗೆ ಡೇಟಾಬೇಸನ್ನು ಮೊದಲು ತೆರೆದವರ ಸೆಟ್ಟಿಂಗ್ ಏನೋ ಅದೇ ಆಮೇಲೆ ಬಂದವರಿಗೆಲ್ಲ. ಒಂದೇ ಒಂದು ಕಂಪ್ಯೂಟರಿನಲ್ಲಿ ಗುರುತು ತಪ್ಪಿದ್ದು, ಒಂದು ದಿನ ಅದು ಮೊದಲು ತೆರೆದರೆ ಆ ದಿನವಿಡೀ ಎಲ್ಲರಿಗೂ ಪುಟ ಮಟ್ಟದ ಲಾಕ್. ತೊಂದರೆ ಕೆಲವು ದಿನ ಮಾತ್ರ ಕಾಣಿಸಿಕೊಳ್ಳುತ್ತಿದ್ದರೆ ಮೊದಲು ಇದನ್ನೇ ನೋಡಿ, ಒಂದು ಕಂಪ್ಯೂಟರನ್ನೂ ಬಿಡಬೇಡಿ.

ಅಲ್ಲೇ ಇರುವ 'ಡೀಫಾಲ್ಟ್ ರೆಕಾರ್ಡ್ ಲಾಕಿಂಗ್' ಬದಲಿಸಿದರೆ ಹಳೆಯ ಫಾರ್ಮ್‌ಗಳು ಬದಲಾಗುವುದಿಲ್ಲ. ಹೊಸದಾಗಿ ಮಾಡುವ ಫಾರ್ಮ್‌ಗಳಿಗೆ ಮಾತ್ರ ಅದು ಅನ್ವಯ. ಹಳೆಯವನ್ನು ಒಂದೊಂದಾಗಿ ತೆರೆದೇ ಬದಲಿಸಬೇಕು. 'ನಂಬರ್ ಆಫ್ ಅಪ್‌ಡೇಟ್ ರೀಟ್ರೈಸ್' 2, 'ಅಪ್‌ಡೇಟ್ ರೀಟ್ರೈ ಇಂಟರ್ವಲ್' 250 ಮಿಲಿಸೆಕೆಂಡ್, 'ರಿಫ್ರೆಶ್ ಇಂಟರ್ವಲ್' 60 ಸೆಕೆಂಡ್ ಎಂದಿರುತ್ತದೆ. ಬೇರೆಯವರು ತಿದ್ದಿದ್ದು ನಿಮ್ಮ ಪರದೆಯಲ್ಲಿ ಕಾಣಲು ಒಂದು ನಿಮಿಷದವರೆಗೆ ಹಿಡಿಯಬಹುದು ಎಂದು ಇದರ ಅರ್ಥ. ಅದನ್ನು 5 ಸೆಕೆಂಡಿಗೆ ಇಳಿಸಿದರೆ ನೆಟ್‌ವರ್ಕ್ ಮೇಲೆ ಸುಮ್ಮನೆ ಹೊರೆ. 20ರಿಂದ 30 ಸಾಕು. ರಿಫ್ರೆಶ್‌ನಿಂದ ಬದಲಾದ ಬೆಲೆ ಕಾಣುತ್ತದೆ, ಹೊಸದಾಗಿ ಸೇರಿದ ರೆಕಾರ್ಡ್ ಕಾಣುವುದಿಲ್ಲ. ಅದಕ್ಕೆ ಶಿಫ್ಟ್ ಜೊತೆ ಎಫ್9 ಒತ್ತಿ ಮರುಕ್ವೆರಿ ಮಾಡಬೇಕು.

ರೆಕಾರ್ಡ್ ಮಟ್ಟದ ಲಾಕ್ ಇದ್ದರೂ ಕೆಲವು ಕಡೆ ಪುಟವೇ ಲಾಕ್ ಆಗುತ್ತದೆ: ಇಂಡೆಕ್ಸ್‌ನ (ಬೇಗ ಹುಡುಕಲು ಇಡುವ ಸೂಚಿ) ಪುಟಗಳು, ಹಿಂದೆ ಮೆಮೊ ಎನ್ನುತ್ತಿದ್ದ 'ಲಾಂಗ್ ಟೆಕ್ಸ್ಟ್' ಅಂಕಣಗಳ ಪುಟಗಳು. ಷರಾ ಬರೆಯುವ ಅಂಕಣ ಖಾತೆಯ ಟೇಬಲ್‌ನಲ್ಲೇ ಇದ್ದರೆ ಇಬ್ಬರು ಬೇರೆಬೇರೆ ಖಾತೆಗೆ ಷರಾ ಬರೆಯುವಾಗ ಒಬ್ಬರ ಲಾಕ್ ಇನ್ನೊಬ್ಬರನ್ನು ತಡೆಯಬಹುದು. ಷರಾವನ್ನು ಬೇರೆ ಟೇಬಲ್‌ಗೆ ಹಾಕಿ, ಪ್ರತಿ ಷರಾ ಒಂದೊಂದು ಸಾಲಾಗಲಿ. ಬೇಡದ ಇಂಡೆಕ್ಸ್ ತೆಗೆದುಹಾಕಿ. ಒಂದೊಂದು ಇಂಡೆಕ್ಸ್ ಕೂಡ ಬರೆಯುವ ಪ್ರತಿ ಸಲ ಇನ್ನೊಂದು ಪುಟಕ್ಕೆ ಲಾಕ್ ಕೇಳುತ್ತದೆ.

ನಿಮ್ಮ ಫಾರ್ಮೇ ನಿಮ್ಮನ್ನು ತಡೆದಾಗ

'ಇನ್ನೊಬ್ಬ ಬಳಕೆದಾರರು ಬದಲಿಸಿದ್ದಾರೆ' ಎಂಬ ಸಂದೇಶ ಬಂದಾಗ ಎಲ್ಲರೂ ಪಕ್ಕದ ಕೌಂಟರ್ ಕಡೆ ನೋಡುತ್ತಾರೆ. ಕಚೇರಿಯಲ್ಲಿ ಒಬ್ಬರೇ ಇದ್ದಾಗಲೂ ಅದು ಬರುತ್ತದೆ, ಏಕೆಂದರೆ ಆ ಇನ್ನೊಬ್ಬರು ನೀವೇ. ಫಾರ್ಮಿನಲ್ಲಿ ಏನೋ ತಿದ್ದಿ ಸೇವ್ ಮಾಡದೆ ಒಂದು ಬಟನ್ ಒತ್ತಿದಿರಿ. ಆ ಬಟನ್‌ನ ಕೋಡ್ ಅದೇ ರೆಕಾರ್ಡಿನ ಮೇಲೆ ಅಪ್‌ಡೇಟ್ ಕ್ವೆರಿ ಓಡಿಸಿತು. ಈಗ ಫಾರ್ಮಿನ ಕೈಯಲ್ಲಿರುವುದು ಹಳೆಯದು, ಟೇಬಲ್‌ನಲ್ಲಿರುವುದು ಹೊಸದು. ಸೇವ್ ಮಾಡಿದಾಗ ಜಗಳ. ಅದೇ ರೆಕಾರ್ಡನ್ನು ತೋರಿಸುವ ಎರಡನೆಯ ಫಾರ್ಮ್ ತೆರೆದು ತಿದ್ದಿದರೂ ಇದೇ ಫಲ.

ಪರಿಹಾರ ಒಂದೇ ಸಾಲು: ಬಟನ್‌ನ ಕೋಡಿನ ಮೊದಲಲ್ಲೇ ಫಾರ್ಮಿನ 'ಡರ್ಟಿ' ಗುಣ (ಸೇವ್ ಆಗದ ಬದಲಾವಣೆ ಇದೆ ಎಂಬ ಗುರುತು) ನಿಜವಾಗಿದ್ದರೆ ಅದನ್ನು 'ಫಾಲ್ಸ್' ಮಾಡಿ. ಅದರಿಂದ ರೆಕಾರ್ಡ್ ಆಗಲೇ ಸೇವ್ ಆಗುತ್ತದೆ. ಕ್ವೆರಿ ಓಡಿದ ಮೇಲೆ ಫಾರ್ಮನ್ನು ರಿಫ್ರೆಶ್ ಮಾಡಿ. ಇನ್ನೊಂದು ಫಾರ್ಮ್ ತೆರೆಯುವ ಪ್ರತಿ ಬಟನ್‌ಗೂ ಈ ಸಾಲು ಕಡ್ಡಾಯ ಎಂದಿಟ್ಟುಕೊಳ್ಳಿ.

ನಿಜವಾಗಿಯೂ ಬೇರೆಯವರು ತಿದ್ದಿದ್ದಾಗ ಆ ಅಪಾಯಕಾರಿ 'ಸೇವ್ ರೆಕಾರ್ಡ್' ಬಟನ್ ಕಾಣದಂತೆ ಮಾಡಬಹುದು. ಫಾರ್ಮಿನ 'ಆನ್ ಎರರ್' ಈವೆಂಟ್‌ನಲ್ಲಿ ದೋಷದ ಸಂಖ್ಯೆ 7787 ಆಗಿದ್ದರೆ ನಿಮ್ಮದೇ ಕನ್ನಡ ಸಂದೇಶ ತೋರಿಸಿ, 'ರೆಸ್ಪಾನ್ಸ್'ಗೆ 'ಎಸಿ ಡೇಟಾ ಎರರ್ ಕಂಟಿನ್ಯೂ' ಎಂಬ ಬೆಲೆ ಕೊಡಿ. 'ಈ ಖಾತೆಯನ್ನು ಈಗಷ್ಟೇ ಬೇರೆ ಕೌಂಟರ್‌ನಲ್ಲಿ ಬದಲಿಸಿದ್ದಾರೆ. ಹೊಸ ವಿವರ ನೋಡಿ ಮತ್ತೆ ನಮೂದಿಸಿ' ಎಂದರೆ ಯಾರಿಗೂ ಅರ್ಥವಾಗುತ್ತದೆ. ಆ ಮೇಲೆ ಬದಲಾವಣೆಯನ್ನು ರದ್ದು ಮಾಡಿಸಿ, ರೆಕಾರ್ಡನ್ನು ಹೊಸದಾಗಿ ಓದಿಸಿ. ಕೋಡಿನಿಂದಲೇ ಸೇವ್ ಮಾಡಿಸುವಾಗ ಬರುವ ದೋಷ ಈ ಈವೆಂಟಿಗೆ ತಲುಪುವುದಿಲ್ಲ. ಅದನ್ನು ಆ ಕೋಡಿನ ಎರರ್ ಹ್ಯಾಂಡ್ಲರ್‌ನಲ್ಲೇ ಹಿಡಿಯಬೇಕು.

'ಎಡಿಟೆಡ್ ರೆಕಾರ್ಡ್' ಹಾಕಿದ ಫಾರ್ಮಿನಲ್ಲಿ ಬೇರೆ ತೊಂದರೆ: ಒಂದು ಅಕ್ಷರ ಒತ್ತಿ ಊಟಕ್ಕೆ ಎದ್ದು ಹೋದರೆ ವಾಪಸು ಬರುವವರೆಗೂ ಲಾಕ್. ಫಾರ್ಮಿನ 'ಟೈಮರ್ ಇಂಟರ್ವಲ್' 60000 ಎಂದು ಕೊಡಿ, ಅಂದರೆ ನಿಮಿಷಕ್ಕೊಮ್ಮೆ. ಟೈಮರ್ ಈವೆಂಟ್‌ನಲ್ಲಿ ಫಾರ್ಮ್ ಡರ್ಟಿ ಇದೆಯೇ ನೋಡಿ ಒಂದು ಎಣಿಕೆ ಹೆಚ್ಚಿಸಿ. ಎಣಿಕೆ 3 ದಾಟಿದರೆ ಬದಲಾವಣೆಯನ್ನು ರದ್ದು ಮಾಡಿ ಸಂದೇಶ ಬಿಡಿ. ಹೊಸ ಕೀಲಿ ಒತ್ತಿದಾಗಲೆಲ್ಲ ಎಣಿಕೆ ಸೊನ್ನೆಗೆ ಬರಲಿ. ಇದಕ್ಕೆ ಫಾರ್ಮಿನ 'ಕೀ ಪ್ರಿವ್ಯೂ' ಗುಣ 'ಎಸ್' ಆಗಿರಬೇಕು. ಅರ್ಧ ತುಂಬಿದ ರೆಕಾರ್ಡನ್ನು ತಾನಾಗಿ ಸೇವ್ ಮಾಡುವುದಕ್ಕಿಂತ ರದ್ದು ಮಾಡುವುದೇ ಲೇಸು.

ರಸೀದಿ ಸಂಖ್ಯೆ

ಕೊನೆಯ ಸಂಖ್ಯೆ ಹುಡುಕಿ ಒಂದು ಕೂಡಿಸುವ ರೂಢಿ ಎಲ್ಲೆಡೆ ಇದೆ. ಫಾರ್ಮ್ ತೆರೆದಾಗಲೇ ಸಂಖ್ಯೆ ಕೊಟ್ಟರೆ ಇಬ್ಬರಿಗೂ 4512 ಬರುತ್ತದೆ. 'ಬಿಫೋರ್ ಅಪ್‌ಡೇಟ್' ಈವೆಂಟ್‌ನಲ್ಲಿ ಕೊಟ್ಟರೆ ಅಪಾಯ ಬಹಳ ಕಡಿಮೆ, ಆದರೂ ಸೊನ್ನೆಯಲ್ಲ. ಆಟೋನಂಬರ್ ರಸೀದಿಗೆ ಸಲ್ಲದು: ಹೊಸ ರೆಕಾರ್ಡ್ ಶುರು ಮಾಡಿ ಎಸ್ಕೇಪ್ ಒತ್ತಿದರೂ ಒಂದು ಸಂಖ್ಯೆ ಹಾಳಾಗಿ ಹೋಗುತ್ತದೆ, ಲೆಕ್ಕ ಪರಿಶೋಧಕರು ಆ ರಸೀದಿ ಎಲ್ಲಿ ಎಂದು ಕೇಳುತ್ತಾರೆ.

ಸರಿಯಾದ ದಾರಿ ಒಂದೇ ಸಾಲಿನ ಸಂಖ್ಯಾ ಟೇಬಲ್. ಅದನ್ನು ಡಿಎಒ (ಕೋಡಿನಿಂದ ಆಕ್ಸೆಸ್ ದತ್ತಾಂಶವನ್ನು ಓದಿ ಬರೆಯುವ ಸಾಧನ) ರೆಕಾರ್ಡ್‌ಸೆಟ್ ಆಗಿ ಪೆಸಿಮಿಸ್ಟಿಕ್ ಲಾಕಿನೊಂದಿಗೆ ತೆರೆಯಿರಿ, ಅಂದರೆ 'ಲಾಕ್‌ಎಡಿಟ್ಸ್' ನಿಜ. 'ಎಡಿಟ್' ಎಂದ ಕೂಡಲೇ ಲಾಕ್ ಬೀಳುತ್ತದೆ. ಲಾಕ್ ಸಿಕ್ಕ ಮೇಲೆಯೇ ಸಂಖ್ಯೆ ಓದಿ, ಮೊದಲಲ್ಲ. ಒಂದು ಕೂಡಿಸಿ 'ಅಪ್‌ಡೇಟ್' ಮಾಡಿ, ಮುಚ್ಚಿ. 'ಎಡಿಟ್' ಹಂತದಲ್ಲಿ 3197 ದೋಷ ಬಂದರೆ ನೀವು ತೆರೆದ ಮೇಲೆ ಬೇರೆಯವರು ಬದಲಿಸಿದ್ದಾರೆ ಎಂದರ್ಥ. ಮತ್ತೊಮ್ಮೆ 'ಎಡಿಟ್' ಮಾಡಿದರೆ ಹೊಸ ಬೆಲೆ ಸಿಗುತ್ತದೆ. ರಸೀದಿ ಟೇಬಲ್‌ನ ಸಂಖ್ಯೆಯ ಅಂಕಣಕ್ಕೆ ಯೂನಿಕ್ ಇಂಡೆಕ್ಸ್ ಇರಲೇಬೇಕು. ಏನೇ ತಪ್ಪಿದರೂ ಎರಡನೆಯ 4512 ಒಳಗೆ ಹೋಗದೆ 3022 ದೋಷ ಕೊಟ್ಟು ನಿಲ್ಲುತ್ತದೆ. ರದ್ದಾದ ರಸೀದಿಯನ್ನು ಅಳಿಸಬೇಡಿ, 'ರದ್ದು' ಎಂದು ಗುರುತಿಸಿ.

ಕೋಡಿನಲ್ಲಿ ಮತ್ತೆ ಯತ್ನಿಸುವ ಕ್ರಮ

ಲಾಕ್ ಸಿಗದಿದ್ದಾಗ ಮುಖ್ಯವಾಗಿ ಬರುವ ದೋಷದ ಸಂಖ್ಯೆಗಳು ಇವು. 3218: ಈಗ ಲಾಕ್ ಆಗಿದೆ. 3260: ಇಂಥ ಕಂಪ್ಯೂಟರಿನ ಇಂಥ ಬಳಕೆದಾರರಿಂದ ಲಾಕ್ ಆಗಿದೆ. 3188: ಇದೇ ಕಂಪ್ಯೂಟರಿನ ಇನ್ನೊಂದು ಅಧಿವೇಶನದಿಂದ ಲಾಕ್ ಆಗಿದೆ. 3211: ಟೇಬಲ್ ಬಳಕೆಯಲ್ಲಿದೆ, ಪೂರ್ತಿ ಲಾಕ್ ಮಾಡಲಾಗದು. 3218, 3260ಕ್ಕೆ ತುಸು ಕಾದು ಮತ್ತೆ ಯತ್ನಿಸಬಹುದು. ಕಾಯುವ ಹೊತ್ತು 200ರಿಂದ 500 ಮಿಲಿಸೆಕೆಂಡಿನೊಳಗೆ ರಾಂಡಮ್ ಆಗಿರಲಿ. ಎಲ್ಲರೂ ಸರಿಯಾಗಿ 250 ಕಾದರೆ ಮತ್ತೆ ಒಟ್ಟಿಗೇ ಬಂದು ಡಿಕ್ಕಿ ಹೊಡೆಯುತ್ತಾರೆ. ಐದು ಸಲ ಆದಮೇಲೆ ನಿಲ್ಲಿಸಿ, 3260ರ ಸಂದೇಶದಲ್ಲಿರುವ ಕಂಪ್ಯೂಟರಿನ ಹೆಸರನ್ನು ತೆಗೆದು 'ಕೌಂಟರ್2ರಲ್ಲಿ ಈ ಖಾತೆ ತೆರೆದಿದೆ' ಎಂದು ತೋರಿಸಿ. 3188 ಮತ್ತೆಮತ್ತೆ ಬಂದರೆ ಕಾಯುವುದು ವ್ಯರ್ಥ. ನಿಮ್ಮದೇ ಕೋಡಿನಲ್ಲಿ ಎಲ್ಲೋ ತೆರೆದ ರೆಕಾರ್ಡ್‌ಸೆಟ್ ಮುಚ್ಚಿಲ್ಲ.

ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಎರಡೂ ಬರಹಗಳನ್ನು ಒಂದೇ ಟ್ರಾನ್ಸಾಕ್ಷನ್‌ನೊಳಗೆ (ಎಲ್ಲ ಬರಹ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಗುಂಪು) ಹಾಕಿ. ಆದರೆ ಟ್ರಾನ್ಸಾಕ್ಷನ್ ಶುರುವಾದ ಮೇಲೆ, ಮುಗಿಯುವ ಮೊದಲು, ಬಳಕೆದಾರರನ್ನು ಏನೂ ಕೇಳಬೇಡಿ. 'ಖಚಿತವೇ?' ಎಂಬ ಚೌಕ ತೆರೆದು ನಿಂತಷ್ಟು ಹೊತ್ತೂ ಮುಟ್ಟಿದ ಪುಟಗಳೆಲ್ಲ ಲಾಕ್ ಆಗಿಯೇ ಇರುತ್ತವೆ. ಕೇಳುವುದನ್ನೆಲ್ಲ ಮೊದಲೇ ಕೇಳಿ ಮುಗಿಸಿ.

ವರ್ಷಾಂತ್ಯದಲ್ಲಿ ಸಾವಿರಾರು ಖಾತೆಗಳಿಗೆ ಬಡ್ಡಿ ಹಚ್ಚುವ ಕ್ವೆರಿ 3052 ದೋಷ ಕೊಟ್ಟು ನಿಲ್ಲುವುದುಂಟು. ಒಂದು ಫೈಲಿಗೆ ಇಷ್ಟೇ ಲಾಕ್ ಎಂಬ ಮಿತಿ 9,500 ಇದೆ, ಅದು ಮೀರಿದೆ. ರಿಜಿಸ್ಟ್ರಿ ಮುಟ್ಟಬೇಕಿಲ್ಲ: ಕ್ವೆರಿ ಓಡಿಸುವ ಮೊದಲು ಕೋಡಿನಲ್ಲಿ 'ಡಿಬಿ ಎಂಜಿನ್'ನ 'ಸೆಟ್ ಆಪ್ಷನ್' ಮೂಲಕ 'ಮ್ಯಾಕ್ಸ್ ಲಾಕ್ಸ್ ಪರ್ ಫೈಲ್' ಅನ್ನು 200,000ಕ್ಕೆ ಏರಿಸಿದರೆ ಆ ಅಧಿವೇಶನಕ್ಕೆ ಮಾತ್ರ ಅದು ಅನ್ವಯ. ಕ್ವೆರಿಯ 'ಯೂಸ್ ಟ್ರಾನ್ಸಾಕ್ಷನ್' ಗುಣವನ್ನು 'ನೋ' ಮಾಡುವ ಇನ್ನೊಂದು ಸಲಹೆಯೂ ಸಿಗುತ್ತದೆ. ಬೇಡ, ನಡುವೆ ನಿಂತರೆ ಅರ್ಧ ಜನರಿಗೆ ಬಡ್ಡಿ ಹತ್ತಿ ಅರ್ಧ ಜನರಿಗೆ ಹತ್ತದೆ ಉಳಿಯುತ್ತದೆ. ಈ ಕೆಲಸವನ್ನು ಕೌಂಟರ್ ಮುಚ್ಚಿದ ಮೇಲೆ, ನಕಲು ತೆಗೆದಿಟ್ಟು, ಎಕ್ಸ್‌ಕ್ಲೂಸಿವ್ ಆಗಿ ತೆರೆದು ಮಾಡಿ.

ಸಿಕ್ಕಿಬಿದ್ದ ಲಾಕ್

ಎಲ್ಲರೂ ಹೊರಬಂದರೂ ಎಲ್‌ಎಸಿಸಿಡಿಬಿ ಫೈಲ್ ಉಳಿದಿದ್ದರೆ ಅದನ್ನು ಅಳಿಸಿ ನೋಡಿ. ಅಳಿದರೆ ಒಳಗೆ ಯಾರೂ ಇರಲಿಲ್ಲ. ಯಾವುದೋ ಕಂಪ್ಯೂಟರ್ ತಟ್ಟನೆ ಆಫ್ ಆದಾಗ ಉಳಿದ ಕಸ ಅದು. ವಿಂಡೋಸ್ ಅಳಿಸಲು ಬಿಡದಿದ್ದರೆ ಯಾರೋ ಇನ್ನೂ ಹಿಡಿದಿದ್ದಾರೆ. ಸರ್ವರ್‌ನಲ್ಲಿ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್', 'ಶೇರ್ಡ್ ಫೋಲ್ಡರ್ಸ್', 'ಓಪನ್ ಫೈಲ್ಸ್' ಎಂದು ಹೋದರೆ ಯಾರು ಎಂದು ಕಾಣುತ್ತದೆ. ಆ ಕಂಪ್ಯೂಟರಿನ ಬಳಿಗೆ ಹೋಗಿ ಆಕ್ಸೆಸ್ ಮುಚ್ಚಿ. ಪರದೆಯಲ್ಲಿ ಕಾಣದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಪ್ರಕ್ರಿಯೆ ಉಳಿದಿರುತ್ತದೆ. ಸರ್ವರ್‌ನಿಂದಲೇ ಬಲವಂತವಾಗಿ ಮುಚ್ಚುವುದು ಕೊನೆಯ ದಾರಿ, ಅದರಿಂದ ಫೈಲ್ ಹಾಳಾಗಬಹುದು. ಹಾಗೆ ಮಾಡಿದ ಮೇಲೆ ಮೊದಲು ನಕಲು ತೆಗೆದು, ಆಮೇಲೆ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಓಡಿಸಿ.

2018ರ ವಿಂಡೋಸ್ 10ರ 1803 ಆವೃತ್ತಿಯ ಹೊತ್ತಿಗೆ ಹಂಚಿದ ಆಕ್ಸೆಸ್ ಫೈಲ್‌ಗಳು 'ಇನ್‌ಕನ್ಸಿಸ್ಟೆಂಟ್ ಸ್ಟೇಟ್' ಎಂದು ಮತ್ತೆಮತ್ತೆ ಕೆಡುವ ತೊಂದರೆ ಬಂತು. ಫೈಲ್ ಇಟ್ಟಿರುವ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಹಂಚಿಕೆಯ 'ಲೀಸಿಂಗ್' ಸೌಲಭ್ಯ ನಿಲ್ಲಿಸುವುದು ಆಗ ಮೈಕ್ರೋಸಾಫ್ಟ್ ಕೊಟ್ಟ ತಾತ್ಕಾಲಿಕ ಪರಿಹಾರ. ಅಷ್ಟು ಹಳೆಯ ವಿಂಡೋಸ್ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡ ಕಡೆ ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಬ್ಯಾಕ್-ಎಂಡನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಿದರೆ

ಫೈಲ್ 2 ಜಿಬಿ ಮಿತಿಯತ್ತ ಹೋಗುತ್ತಿದ್ದರೆ, ಬರೆಯುವವರು ಹೆಚ್ಚಾಗಿದ್ದರೆ, ಅಥವಾ ಇನ್ನೊಂದು ಶಾಖೆಯಿಂದ ಸಂಪರ್ಕ ಬೇಕಾಗಿದ್ದರೆ ಲಾಕಿನೊಡನೆ ಗುದ್ದಾಡುವುದು ಬಿಟ್ಟು ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ (ಸರ್ವರ್ ಕಡೆ ಕೂತು ಸರದಿ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಡೇಟಾಬೇಸ್ ಪ್ರೋಗ್ರಾಂ) ಹಾಕಿ. ಅದು ಉಚಿತ, ಫಾರ್ಮ್‌ಗಳು ಆಕ್ಸೆಸ್‌ನಲ್ಲೇ ಉಳಿಯುತ್ತವೆ. ಆದರೆ ಒಡಿಬಿಸಿ (ಬೇರೆ ಡೇಟಾಬೇಸಿಗೆ ಸೇರಿಸುವ ಕೊಂಡಿ) ಮೂಲಕ ಜೋಡಿಸಿದ ಟೇಬಲ್‌ಗಳಿಗೆ ಫಾರ್ಮಿನ 'ರೆಕಾರ್ಡ್ ಲಾಕ್ಸ್' ಕೆಲಸ ಮಾಡುವುದಿಲ್ಲ. ಏನೇ ಆರಿಸಿದ್ದರೂ ಆಕ್ಸೆಸ್ ಅದನ್ನು 'ನೋ ಲಾಕ್ಸ್' ಎಂದೇ ನಡೆಸುತ್ತದೆ. 'ಎಡಿಟೆಡ್ ರೆಕಾರ್ಡ್' ನಂಬಿಕೊಂಡ ಫಾರ್ಮ್‌ಗಳಿದ್ದರೆ ಸಾಗಿಸುವ ಮೊದಲೇ 7787ರ ಕೋಡ್ ಬರೆದಿಡಿ.

ಸಾಗಿಸಿದ ಮರುದಿನವೇ ಯಾರೂ ಮುಟ್ಟದ ರೆಕಾರ್ಡಿಗೂ ರೈಟ್ ಕಾನ್‌ಫ್ಲಿಕ್ಟ್ ಬರತೊಡಗಿದರೆ ಎರಡು ಕಡೆ ನೋಡಿ. ಹೌದು-ಇಲ್ಲ ಅಂಕಣಗಳು ಅಲ್ಲಿ 'ಬಿಟ್' ಆಗಿ, ಖಾಲಿ ಬೆಲೆ ಇಟ್ಟುಕೊಂಡಿದ್ದರೆ ಆಕ್ಸೆಸ್ ಆ ಖಾಲಿಯನ್ನು ಸೊನ್ನೆ ಎಂದು ಓದಿ, ಹೋಲಿಸಿದಾಗ ಬೇರೆ ಎನ್ನುತ್ತದೆ. ಹಳೆಯ ಖಾಲಿಗಳನ್ನೆಲ್ಲ 0 ಮಾಡಿ, ಡೀಫಾಲ್ಟ್ 0 ಇಟ್ಟು, ಖಾಲಿ ಬಿಡಲು ಬರದಂತೆ ಮಾಡಿ. ದಶಮಾಂಶದ 'ಫ್ಲೋಟ್' ಅಂಕಣಗಳಲ್ಲೂ ಕೊನೆಯ ಅಂಕಿಯ ವ್ಯತ್ಯಾಸದಿಂದ ಇದೇ ಆಗುತ್ತದೆ. ಎರಡಕ್ಕೂ ಒಟ್ಟಾರೆ ಮದ್ದು: ಪ್ರತಿ ಟೇಬಲ್‌ಗೂ 'ರೋವರ್ಷನ್' ಬಗೆಯ (ಸಾಲು ಬದಲಾದಾಗಲೆಲ್ಲ ತಾನಾಗಿ ಬದಲಾಗುವ) ಒಂದು ಅಂಕಣ ಸೇರಿಸಿ, ಲಿಂಕ್ಡ್ ಟೇಬಲ್ ಮ್ಯಾನೇಜರ್‌ನಲ್ಲಿ ಕೊಂಡಿಯನ್ನು ಹೊಸದು ಮಾಡಿ. ಆ ಮೇಲೆ ಆಕ್ಸೆಸ್ ಎಲ್ಲ ಅಂಕಣಗಳನ್ನು ಹೋಲಿಸುವುದು ಬಿಟ್ಟು ಆ ಒಂದನ್ನೇ ನೋಡುತ್ತದೆ.